ಮ್ಯಾಚಿಗೆ ಹೋದರೆ ನನ್ನ ಪಕ್ಕ ಯಾರೂ ಕೂರುದಿಲ್ಲ

ಮೊದಲೇ ಹೇಳ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ನಮ್ಮ ಮನೆಯ ದೈವದ ಮುಂದೆ ನಿಂತು ದೀಪ ಮುಟ್ಟಿ ಹೇಳ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಸುಳ್ಳು ಕಟ್ಟಲಿಕ್ಕೆ ಅಷ್ಟು ಓದು ಸಾಕಾಗುದಿಲ್ಲ.

ಮೂವತ್ತು ವರ್ಷ ಕಾರ್ಕಳದಲ್ಲಿ ಕಲ್ಲಿನ ಲಾರಿ ಓಡಿಸಿದವ ನಾನು. ಲೋಡು ಖಾಲಿ ಮಾಡಿ, ಎಲ್ಲಿ ಮ್ಯಾಚು ಉಂಟೋ ಅಲ್ಲಿ ಲಾರಿ ನಿಲ್ಲಿಸುದು. ಹಾಕಿ ಆಗಲಿ, ಬಾಸ್ಕೆಟ್‌ಬಾಲ್ ಆಗಲಿ, ನನ್ನಷ್ಟು ಮ್ಯಾಚು ನೋಡಿದವ ಇಡೀ ತಾಲೂಕಿನಲ್ಲಿ ಇಲ್ಲ. ನನ್ನಷ್ಟು ಸೋಲು ನೋಡಿದವನೂ ಇಲ್ಲ. ನಾನು ಯಾವ ಪಕ್ಷ ಹಿಡಿದರೂ ಆ ಪಕ್ಷ ಸೋಲುದೇ. ನನಗೆ ಬೇಕಾದದ್ದು ಒಂದೇ ಒಂದು: ನನ್ನ ಕಣ್ಣೆದುರು ನನ್ನವರು ಒಂದು ಸಲ ಗೆಲ್ಲಬೇಕು. ಅದೊಂದು ಬಿಟ್ಟು ಬೇರೆ ಎಲ್ಲ ಆಯಿತು. ಆಗಬಾರದ್ದೂ ಆಯಿತು. ಒಂದು ಸಲ ಅಲ್ಲ, ಹೋದಲ್ಲೆಲ್ಲ.

ಒಣಮೀನಿನ ತಪ್ಪಲ್ಲ

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಮಣಿಪಾಲದ ಒಂದು ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್. ಬೆಂಗಳೂರಿನವರಿಗೂ ನಮ್ಮ ಉಡುಪಿಯ ಹುಡುಗರಿಗೂ. ಸಿಮೆಂಟಿನ ಮೆಟ್ಟಿಲಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಹಿಂದೆ ನೂರು ಜನ ನಿಂತಿದ್ದಾರೆ. ಆದರೆ ನನ್ನ ಎಡಗಡೆ ಒಬ್ಬ ಕೂರುವಷ್ಟು ಜಾಗ ಖಾಲಿ. ಯಾರೂ ಕೂರುದಿಲ್ಲ.

ಒಂದು ಹುಡುಗಿ ಬಂದು ಕೂತಳು. ಹೊರಗಿನ ಊರಿನವಳು, ಕನ್ನಡ ಈಗ ಕಲಿಯುದು. ಕೂತ ಹಾಗೆ ಎದ್ದಳು.

"ಅಂಕಲ್, ಇಲ್ಲಿ ತುಂಬ ತಣ್ಣಗೆ ಉಂಟು."

ಏಪ್ರಿಲ್ ತಿಂಗಳು! ಕಲ್ಲಿನ ಮೇಲೆ ದೋಸೆ ಹೊಯ್ದರೆ ಬೇಯುವಷ್ಟು ಬಿಸಿಲು!

ಆಮೇಲೆ ಒಬ್ಬ ಹುಡುಗ ಬಂದ. ಅರ್ಧ ಕೂತವ ತಟ್ಟನೆ ಎದ್ದು "ಸಾರಿ, ಸಾರಿ" ಅಂದ. ನನಗೆ ಅಂದದ್ದಲ್ಲ ಮಾರಾಯ್ರೆ. ಆ ಖಾಲಿ ಜಾಗಕ್ಕೆ ಅಂದದ್ದು. ಯಾರದ್ದೋ ತೊಡೆಯ ಮೇಲೆ ಕೂತವನ ಹಾಗೆ ಅವನ ಮುಖ ಬಿಳಿಚಿ ಹೋಗಿತ್ತು.

ನಮ್ಮವರು ಹನ್ನೆರಡು ಪಾಯಿಂಟು ಮುಂದಿದ್ದವರು ಸೋತರು.

ನಾನು ಹೆದರುವ ಜನ ಅಲ್ಲ. ಕಾರಣ ಹುಡುಕಿದೆ. ಕಾಲಡಿಯ ಚೀಲದಲ್ಲಿ ಮಲ್ಪೆಯ ಒಣಮೀನು ಇತ್ತು. ಅದರ ವಾಸನೆಗೆ ಯಾರೂ ಕೂರ್ಲಿಲ್ಲ, ಅಷ್ಟೆ. ಮರುದಿನ ಎರಡು ಸಲ ಸಾಬೂನು ಹಾಕಿ ಮಿಂದು, ಹೆಂಡತಿಯ ಪೌಡರ್ ಅರ್ಧ ಡಬ್ಬಿ ಮೈಗೆ ಸುರಿದುಕೊಂಡು ಹೋದೆ. ಎಡಗಡೆಯ ಜಾಗ ಅವತ್ತೂ ಖಾಲಿ. ಪೌಡರಿನ ಘಾಟಿಗೆ ಬಲಗಡೆಯವರೂ ಎದ್ದು ಹೋದರು.

ಎರಡನೇ ಪೊಟ್ಟಣ

ಮರುವರ್ಷ ಉಡುಪಿಯಲ್ಲಿ ಹಾಕಿ. ಸಂಜೆ ನಾಲ್ಕು ಗಂಟೆ. ನಾನು ಎಲ್ಲರಿಂದ ದೂರ ಒಂದು ಬೆಂಚಿನಲ್ಲಿ ಒಬ್ಬನೇ ಕೂತಿದ್ದೆ. ಕಡಲೆ ಮಾರುವವ ಬಂದ. ಗದಗದ ಕಡೆಯವನು, ಕಟ್ಟಡ ಕೆಲಸ ಇಲ್ಲದ ದಿನ ಶೇಂಗಾ ಹುರಿದು ಮಾರ್ತಿದ್ದ. ನಾನು ಒಂದು ಪೊಟ್ಟಣ ಕೇಳಿದೆ. ಅವ ಎರಡು ಕೊಟ್ಟ.

"ಒಂದು ಸಾಕು ಮಾರಾಯ."

"ಇನ್ನೊಂದು ನಿಮ್ಮ ಜೋಡಿ ಬಂದವರಿಗ್ರಿ."

"ಯಾವ ಜೋಡಿ? ನಾನು ಒಬ್ಬನೇ."

"ಏ, ಹಂಗ್ಯಾಕಂತೀರಿ? ಈಗ ಇಲ್ಲೇ ಕುಂತಿದ್ರಲ್ರಿ. ತೆಳ್ಳಗ, ಹರೇದ ಹುಡುಗ. ನೀವು ಒಂದು ಕಡೆ ಒದರಿದ್ರ ಅಂವ ಇನ್ನೊಂದು ಕಡೆ ಒದರ್ತಿದ್ದ. ಮಗ ಏನ್ರಿ?"

ನನಗೆ ಇರುವುದು ಮೂರು ಹೆಣ್ಣು. ಅವನಿಗೆ ಬಿಸಿಲು ಮಂಡೆಗೆ ಹೊಡೆದಿದೆ ಅಂತ ಎಣಿಸಿ ಎರಡಕ್ಕೂ ದುಡ್ಡು ಕೊಟ್ಟೆ. ಅವ ಚೀಲ ಎತ್ತಿಕೊಂಡು, ಹೋಗುವಾಗ ಬೆಂಚಿನ ಖಾಲಿ ಕಡೆಗೆ ತಲೆ ಬಗ್ಗಿಸಿ "ಬರ್ತೀನ್ರಿ ತಮ್ಮಾರ" ಅಂದು ಹೋದ.

ನನ್ನ ಬೆನ್ನಿನಲ್ಲಿ ಇರುವೆ ಹರಿದ ಹಾಗೆ ಆಯಿತು. ಆದರೂ ಹಸಿವೆಗೆ ಭಯ ಉಂಟಾ? ಒಂದು ಪೊಟ್ಟಣ ತಿಂದೆ. ಎರಡನೆಯದ್ದು ಬಿಡಿಸಿದೆ. ಮಡಚಿದ ಕಾಗದ ಹಾಗೇ ಉಂಟು, ಕಟ್ಟಿದ ನೂಲು ಹಾಗೇ ಉಂಟು. ಒಳಗೆ ಬರೀ ಸಿಪ್ಪೆ. ಒಂದು ಬೀಜ ಇಲ್ಲ.

ಅವತ್ತೂ ನಮ್ಮವರು ಸೋತರು. ನಾನು ಗೋಲು ನೋಡ್ಲಿಲ್ಲ, ಸಿಪ್ಪೆಯನ್ನೇ ನೋಡ್ತಾ ಕೂತೆ. ಕೈಯಲ್ಲಿ ಕೊಟ್ಟ ತಿಂಡಿ ಇಷ್ಟು ಬೇಗ ಖಾಲಿ ಮಾಡುವವ ನಮ್ಮ ಮನೆಯಲ್ಲಿ ಒಬ್ಬನೇ ಇದ್ದ, ನನ್ನ ಅಣ್ಣ. ಕಾಮಾಲೆಯಲ್ಲಿ ತೀರಿಹೋಗಿ ಆಗಲೇ ಮೂವತ್ತೈದು ವರ್ಷ. ಸತ್ತರೂ ನನ್ನ ಪಾಲು ತಿನ್ನುದು ಬಿಡ್ಲಿಲ್ಲ!

ಆರನೆಯವ

ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ. ಒಂದು ಆದಿತ್ಯವಾರ ಕಾಪುವಿನ ಬಾಸ್ಕೆಟ್‌ಬಾಲ್ ಟೀಮಿನವರು ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ತಟ್ಟೆ, ಮೇಲೆ ಒಂದು ಶಾಲು. ನಾನು ಅವರ ಒಂದು ಮ್ಯಾಚು ತಪ್ಪಿಸಿದವ ಅಲ್ಲ. ಫೈನಲ್ ಬರ್ತಾ ಉಂಟು, ನನ್ನನ್ನು ಮುಖ್ಯ ಅತಿಥಿ ಮಾಡ್ಲಿಕ್ಕೆ ಬಂದದ್ದು ಅಂತ ಒಳಗೆ ಓಡಿ ಬಿಳಿ ಶರ್ಟು ಹಾಕಿ ಬಂದೆ.

ಶಾಲು ಹೊದೆಸಿದರು. ಹಣ್ಣು ಕೊಟ್ಟರು. ಕ್ಯಾಪ್ಟನ್ ಕೈಮುಗಿದ.

"ಅಣ್ಣಾ, ಒಂದು ಉಪಕಾರ ಆಗಬೇಕು. ಫೈನಲಿಗೆ ನೀವು ಬರಬಾರದು."

"ಎಂತ ಹೇಳಿದೆ ನೀನು?"

"ಕೋಪ ಮಾಡಬೇಡಿ ಅಣ್ಣಾ. ನೀವು ಬಂದ ದಿನ ಎದುರು ಟೀಮಿನಲ್ಲಿ ಐದು ಜನ ಇರುದಿಲ್ಲ. ಆರು ಜನ ಇರ್ತಾರೆ."

"ಎಣಿಸ್ಲಿಕ್ಕೆ ಬರುದಿಲ್ವಾ ನಿನಗೆ?"

"ರೆಫರಿಗೆ ಹೇಳಿ ಆಟ ನಿಲ್ಲಿಸಿ ಎಣಿಸಿದ್ದೇವೆ. ನಿಂತಾಗ ಐದೇ. ಓಡ್ಲಿಕ್ಕೆ ಶುರು ಮಾಡಿದ ಕೂಡ್ಲೆ ಆರು. ಒಬ್ಬ ತೆಳ್ಳಗಿನವ, ಬರಿಗಾಲು. ನಾನು ಬಾಲು ಎತ್ತುವಾಗ ಕಂಕುಳಿಗೆ ಕಚಗುಳಿ ಇಡ್ತಾನೆ."

ನನ್ನ ಹೆಂಡತಿ ಚಾದ ತಟ್ಟೆ ಅಲ್ಲೇ ಕೆಳಗಿಟ್ಟಳು. ಅವಳಿಗೆ ಗೊತ್ತು, ನಾನೇ ಎಷ್ಟೋ ಸಲ ಹೇಳಿದ್ದು. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಆಡುವಾಗ ನಾನು ಯಾವ ಪಕ್ಷವೋ ಅಣ್ಣ ಅದರ ಎದುರು ಪಕ್ಷ. ಬೇಕಂತಲೇ. ನಾನು ಪಕ್ಷ ಬದಲಿಸಿದರೆ ಅವನೂ ಬದಲಿಸುದು. ಕಚಗುಳಿ ಇಟ್ಟೇ ಗೆಲ್ಲುದು.

"ನೀವು ಹೋಗುವ ಮೊದಲು ಅವರಿಗೆ ಮದುವೆ ಮಾಡಬೇಕು" ಅಂದಳು.

"ಯಾರಿಗೆ, ಇವನಿಗಾ?" ಅಂತ ಕ್ಯಾಪ್ಟನ್ನನ್ನು ತೋರಿಸಿದೆ.

"ನಿಮ್ಮ ಅಣ್ಣನಿಗೆ!"

ಕ್ಯಾಪ್ಟನ್ ಚಾ ಕುಡಿಯದೆ ಎದ್ದ. ಜೀಪು ಗೇಟು ದಾಟುವವರೆಗೆ ರಿವರ್ಸಿನಲ್ಲೇ ಹೋಯಿತು. ನಮ್ಮ ಮನೆಗೆ ಬೆನ್ನು ಹಾಕ್ಲಿಕ್ಕೆ ಅವರಿಗೆ ಧೈರ್ಯ ಬರ್ಲಿಲ್ಲ.

ಹುಡುಗ ಎಂತ ಮಾಡ್ತಾನೆ?

ಜೋಯಿಸರು ಕವಡೆ ಹಾಕಿ ಅದನ್ನೇ ಹೇಳಿದರು: ಮದುವೆ ಆಗದೆ ಹೋದವ ಒಬ್ಬ ಮನೆಯಲ್ಲಿ ಕಾಯ್ತಾ ಇದ್ದಾನೆ. ನಮ್ಮ ಕಡೆ ಇದು ಹೊಸತಲ್ಲ. ಸಣ್ಣ ಪ್ರಾಯದಲ್ಲಿ ಹೋದವರಿಗೆ ಆಟಿ ತಿಂಗಳ ಮಳೆಯಲ್ಲಿ ಮದುವೆ ಮಾಡ್ತಾರೆ. ಹೆಣ್ಣು ಕೂಡ ಹಾಗೆ ಹೋದವಳೇ ಆಗಬೇಕು. ಕುಲೆಮದಿಮೆ ಅಂತ ಹೇಳುದು. ಬರಿ ನೋಡಬೇಕು, ಅಂದರೆ ಗೋತ್ರದ ಹಾಗೆ, ಒಂದೇ ಬರಿಯವರಾದರೆ ಅಣ್ಣ ತಂಗಿ ಆದ ಹಾಗೆ, ಬದುಕಿದವರಿಗೂ ಆಗುದಿಲ್ಲ, ಸತ್ತವರಿಗೂ ಆಗುದಿಲ್ಲ.

ಅಲೆವೂರಿನಲ್ಲಿ ಒಂದು ಹೆಣ್ಣು ಉಂಟು ಅಂತ ಗೊತ್ತಾಯಿತು. ಹದಿನೇಳರಲ್ಲಿ ಹೋದವಳು. ನಾನೂ ಹೆಂಡತಿಯೂ ಹೋದೆವು. ಹೆಣ್ಣಿನ ಅಪ್ಪ ಎಂಬತ್ತು ದಾಟಿದ ಮುದುಕರು, ಭಾರೀ ಗತ್ತು.

"ಹುಡುಗ ಎಂತ ಮಾಡ್ತಾನೆ?"

"ತೀರಿಹೋಗಿದ್ದಾನೆ."

"ಅದು ಗೊತ್ತುಂಟು. ಅದಕ್ಕೆ ಮೊದಲು?"

"ಹಾಕಿ ಆಡ್ತಿದ್ದ."

"ಅದು ಆಟ. ಕೆಲಸ ಎಂತ?"

ನಾನು ತಲೆ ತುರಿಸಿದೆ. ಮುದುಕರು ತಮ್ಮ ಹೆಂಡತಿಯ ಕಡೆ ತಿರುಗಿ, "ಕೆಲಸ ಇಲ್ಲದವನಿಗೆ ಕೊಡುದು ಹೇಗೆ?" ಅಂತ ಸಣ್ಣಕ್ಕೆ ಕೇಳಿದರು. ಪುನಃ ನನ್ನ ಕಡೆ ತಿರುಗಿ, "ಕುಡಿಯುವ ಅಭ್ಯಾಸ?"

ನನ್ನ ಹೆಂಡತಿ ಬಿಡ್ತಾಳಾ! "ಮೂವತ್ತಾರು ವರ್ಷದಿಂದ ಒಂದು ತೊಟ್ಟು ಮುಟ್ಟಿದವರಲ್ಲ" ಅಂದಳು. ಸಂಬಂಧ ನಿಂತದ್ದು ಆ ಒಂದು ಮಾತಿಗೆ.

ಮದುವೆ ದಿನ ಹೊರಗೆ ಎದುರಿನ ಮರ ಕಾಣದಷ್ಟು ಮಳೆ. ಒಳಗೆ ಎರಡು ಮಣೆ. ಒಂದರ ಮೇಲೆ ಪಂಚೆ, ಶರ್ಟು. ಇನ್ನೊಂದರ ಮೇಲೆ ಧಾರೆ ಸೀರೆ, ಬಳೆ, ಶಂಕರಪುರದ ಮಲ್ಲಿಗೆ. ಮಕ್ಕಳನ್ನು, ಮದುವೆ ಆಗದವರನ್ನು ಆಚೆ ಕಳಿಸಿದ್ದರು. ಧಾರೆ ಎರೆಯುವ ಹೊತ್ತಿಗೆ ಸೀರೆಯ ಮಡಿಕೆ ಒಂದು ಸಲ ಮೆಲ್ಲ ಎದ್ದು ಇಳಿಯಿತು, ಒಳಗೆ ಯಾರೋ ಉಸಿರು ಬಿಟ್ಟ ಹಾಗೆ. ಕಿಟಿಕಿ ಬಾಗಿಲು ಎಲ್ಲ ಹಾಕಿತ್ತು. ಆ ಅಪ್ಪ ಗತ್ತು ಎಲ್ಲ ಬಿಟ್ಟು ಹೆಗಲ ಬಟ್ಟೆ ಬಾಯಿಗೆ ಒತ್ತಿಕೊಂಡು ಅತ್ತರು.

ಆಮೇಲೆ ಆಶೀರ್ವಾದ ತೆಗೆದುಕೊಳ್ಳಬೇಕಲ್ಲ, ಅಣ್ಣ ಅತ್ತಿಗೆ ಅಂದರೆ ದೊಡ್ಡವರು. ನನಗೆ ಐವತ್ತೆರಡು, ಸೊಂಟ ನೋವು. ಅತ್ತಿಗೆಗೆ ಹದಿನೇಳು. ಬಗ್ಗಿ ಕಾಲು ಎಲ್ಲಿ ಅಂತ ಹುಡುಕಿದೆ. ಏಳ್ಲಿಕ್ಕೆ ಮಾತ್ರ ಆಗ್ಲಿಲ್ಲ. ಬದುಕಿದವರು ನಾಲ್ಕು ಜನ ಸೇರಿ ಎತ್ತಿದರು.

ಕಾರ್ಕಳದ ಫೈನಲ್

ಮಳೆಗಾಲ ಮುಗಿದು ಕಾರ್ಕಳದಲ್ಲಿ ಹಾಕಿ ಟೂರ್ನಮೆಂಟು ಬಂತು. ಫೈನಲಿಗೆ ನಮ್ಮ ಊರಿನವರು ಬಂದರು, ಎದುರು ಕೊಡಗಿನವರು. ಇಪ್ಪತ್ತು ವರ್ಷದಲ್ಲಿ ನಮ್ಮವರು ಫೈನಲ್ ಕಂಡದ್ದಿಲ್ಲ. ಲೋಡು ಹೆಚ್ಚಿದ್ದು ಮೊದಲಿನ ಮ್ಯಾಚುಗಳಿಗೆ ನನಗೆ ಹೋಗ್ಲಿಕ್ಕೆ ಆಗಿರ್ಲಿಲ್ಲ. ಅಣ್ಣನಿಗೆ ಸಂಸಾರ ಆಯಿತು, ಇನ್ನು ನನ್ನ ಹಿಂದೆ ತಿರುಗಲಿಕ್ಕೆ ಅವನಿಗೆ ಪುರುಸೊತ್ತೆಲ್ಲಿ? ನಾನು ಎದೆ ಉಬ್ಬಿಸಿ ಬಸ್‌ಸ್ಟ್ಯಾಂಡಿನ ಹೋಟೆಲಿನವನ ಹತ್ತಿರ ಪಂಥ ಕಟ್ಟಿದೆ. ಲಾರಿಯ ಟಯರಿಗೆ ಅಂತ ತೆಗೆದಿಟ್ಟ ದುಡ್ಡು, ನಮ್ಮವರ ಮೇಲೆ.

"ನೀನು ಬರ್ತಿಯಾ ಮ್ಯಾಚಿಗೆ?" ಅಂತ ಕೇಳಿದ.

"ಬರದೆ?"

"ಹಾಗಾದರೆ ಕಟ್ಟು" ಅಂತ ನಗಾಡಿದ.

ಮೈದಾನದಲ್ಲಿ ಈ ಸಲ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಜನ ಅಂದರೆ ಜನ. ನಾನು ಕೂತು ಎಡಕ್ಕೆ ತಿರುಗಿ ನೋಡಿದೆ.

ಎರಡು ಕುರ್ಚಿ ಖಾಲಿ.

ಜನ ಬರ್ತಾರೆ, ಕುರ್ಚಿ ನೋಡ್ತಾರೆ, ಕೈಯಿಂದ ಒರೆಸ್ತಾರೆ, ಆಮೇಲೆ ಎಂತ ಅನ್ನಿಸ್ತದೋ, ಹೋಗಿ ನೆಲದಲ್ಲಿ ಕೂರ್ತಾರೆ. ಗಾಳಿ ಇರ್ಲಿಲ್ಲ, ಆದರೂ ಮಲ್ಲಿಗೆಯ ಪರಿಮಳ.

ಅರ್ಧ ಆಟಕ್ಕೆ ಕೊಡಗಿನವರು ಎರಡು ಗೋಲು. ನಮ್ಮವರು ಸೊನ್ನೆ. ನಮ್ಮ ಫಾರ್ವರ್ಡಿನವ ಎದುರಿನವರನ್ನು ಬೆರಳು ಮಡಚಿ ಮಡಚಿ ಎಣಿಸ್ತಾ ಇದ್ದ. ನನಗೆ ಅರ್ಥ ಆಯಿತು. ಮೊದಲು ಒಬ್ಬ ಎದುರಿದ್ದ, ಈಗ ಹೆಂಡತಿಯನ್ನೂ ಕರ್ಕೊಂಡು ಬಂದಿದ್ದಾನೆ! ಇನ್ನು ಟಯರಿನ ದುಡ್ಡು ಹೋದ ಹಾಗೆಯೇ.

ನನ್ನದು ಚುರುಕು ಮಂಡೆ. ಓಡಿ ಹೋಗಿ ಹೋಟೆಲಿನವನನ್ನು ಹಿಡಿದೆ.

"ನಾನು ಪಕ್ಷ ಬದಲಿಸ್ತೇನೆ. ಕೊಡಗಿನವರ ಮೇಲೆ."

"ಹಾಗೆಲ್ಲ ಆಗುದಿಲ್ಲ ಮಾರಾಯ. ಬದಲಿಸುದಾದರೆ ಡಬ್ಬಲ್ ಇಡು."

ಜೇಬಿನಲ್ಲಿ ಇದ್ದದ್ದು ಎಲ್ಲ ಸುರಿದೆ. ಬಂದು ಕೂತು, ಹುಟ್ಟಿದ ಮೇಲೆ ಮೊದಲ ಸಲ ಪರವೂರಿನವರಿಗೆ ಬೊಬ್ಬೆ ಹೊಡೆದೆ. ಊರಿನವರೆಲ್ಲ ತಿರುಗಿ ನೋಡಿದರು. ಒಬ್ಬ ಚಪ್ಪಲಿ ತೋರಿಸಿದ.

ನಾನು ಬೊಬ್ಬೆ ಹೊಡೆದು ಐದು ನಿಮಿಷ ಆಗ್ಲಿಲ್ಲ, ನಮ್ಮವರದ್ದು ಒಂದು ಗೋಲು. ಹತ್ತು ನಿಮಿಷಕ್ಕೆ ಇನ್ನೊಂದು. ಕೊಡಗಿನ ಗೋಲ್‌ಕೀಪರ್ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ನೆಲಕ್ಕೆ ಬಿದ್ದು ಹೊರಳಿ ಹೊರಳಿ ನಗಾಡ್ತಿದ್ದಾನೆ. ಅವನ ಹತ್ತಿರ ಯಾರೂ ಇಲ್ಲ. ನಗಾಡ್ತಾ ನಗಾಡ್ತಾ ಕಣ್ಣಲ್ಲಿ ನೀರು, ಮುಖದಲ್ಲಿ ಹೆದರಿಕೆ.

ಆಗ ನನಗೆ ಹೊಳೆಯಿತು. ನಾನು ಪಕ್ಷ ಬದಲಿಸಿದೆ. ಅವನೂ ಬದಲಿಸಿದ.

"ಅಣ್ಣಾ, ಬೇಡ!" ಅಂತ ಖಾಲಿ ಕುರ್ಚಿಗೆ ಕೈಮುಗಿದೆ. "ಇವತ್ತೊಂದು ದಿನ ನನ್ನ ಪಕ್ಷ ಇರು ಮಾರಾಯ!"

ಕಡೆಯ ನಿಮಿಷ. ನಮ್ಮವ ಹೊಡೆದ ಬಾಲು ಗೋಲಿನಿಂದ ನಾಲ್ಕು ಮಾರು ಹೊರಗೆ ಹೋಗ್ತಾ ಇತ್ತು. ಅರ್ಧ ದಾರಿಯಲ್ಲಿ ಟಕ್ ಅಂತ ಒಂದು ಸದ್ದು. ಅಲ್ಲಿ ಸ್ಟಿಕ್ಕಿಲ್ಲ, ಮನುಷ್ಯ ಇಲ್ಲ. ಬಾಲು ತಿರುಗಿ ಸೀದಾ ಒಳಗೆ.

ಮೈದಾನ ಎದ್ದು ಕುಣಿಯಿತು. ಆ ಗಲಾಟೆಯ ನಡುವೆ ನನ್ನ ಎಡಕಿವಿಯ ಹತ್ತಿರ ಗಾಜಿನ ಬಳೆ ಗಲಗಲ ಅಂತ ಸದ್ದಾಯಿತು, ಹೊಸ ಮದುಮಗಳು ಬಾಯಿಗೆ ಕೈ ಇಟ್ಟು ನಕ್ಕ ಹಾಗೆ.

ನಮ್ಮ ಟೀಮಿನವರು ಓಡಿ ಬಂದು ನನ್ನನ್ನು ಎತ್ತಿದರು. "ಅಜ್ಜೇರು ಬಂದ ದಿನ ಗೆದ್ದೆವು! ನೋಡಿ, ಸಂತೋಷದಲ್ಲಿ ಅಳ್ತಿದ್ದಾರೆ!"

ಸಂತೋಷ ಹೌದು. ಆ ಒಂದು ಗೆಲುವಿಗೆ ನಾನು ಜೀವಮಾನ ಇಡೀ ಕಾದಿದ್ದೆ. ಆದರೆ ಕಣ್ಣೀರು ಪೂರ್ತಿ ಅದರದ್ದಲ್ಲ. ಹೋದದ್ದು ಎರಡು ಸಾವಿರದ ಮುನ್ನೂರ ನಲ್ವತ್ತು ರೂಪಾಯಿ.