ಕಾಕಾನ ವಸಡಿನ ಅಳತೆ

ನಮ್ಮ ಕಾಕಾ ತಮ್ಮ ಬಾಯಿಯನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟಿದ್ದರು. ಊಟಕ್ಕೂ ಜಗಳಕ್ಕೂ ಮಾತ್ರ ನಡುನಡುವೆ ಎರವಲು ಪಡೆಯುತ್ತಿದ್ದರು!

ಎಂಬತ್ತರ ದಶಕದ ಕೊನೆ. ವಿಜಾಪುರದ ಕಡೆಯಿಂದ ಗೋವಾಕ್ಕೆ ಬಂದ ಕಾಕಾ ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಕೆಲಸ ಹುಡುಕುವ ನೆಪದಲ್ಲಿ ಅವರ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಆಗ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಹೊಸ ಪರೀಕ್ಷೆ ಶುರುವಾಯಿತು. ಮೊಣಕಾಲು ಬಾತವರಿಗೆ ಕೊಡುವ ಗುಳಿಗೆ, ಬಾತು ರಕ್ತ ಸುರಿಸುವ ವಸಡಿಗೂ ನಡೆದೀತೇ ಎಂದು ನೋಡುವುದು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಅಂಥದ್ದೇ ಆದ ಬರೀ ಪುಡಿಯ ಗುಳಿಗೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

“ಡಾಕ್ಟರಿಗೇ ಗೊತ್ತಿಲ್ಲಂದ್ರ ಭಾಳ ದೊಡ್ಡ ವಿದ್ಯಾ ಇರಬೇಕು ನೋಡು!” ಎಂದು ಕಾಕಾ ತಮ್ಮ ಹೆಂಡತಿ, ನಮ್ಮ ಕಾಕುವನ್ನೂ ಕರೆದುಕೊಂಡು ಹೊರಟರು. ಹೆಚ್ಚು ಕೆಟ್ಟಿದ್ದು ಕಾಕುವಿನ ವಸಡೇ. ಹಲ್ಲು ಅಲುಗಾಡಿ, ಪಾಪ, ಮೆತ್ತಗಿನ ಅನ್ನ ಸಾರಿಗೆ ಇಳಿದಿದ್ದರು. ಆದರೆ ಸಕ್ಕರೆ ಕಾಯಿಲೆಯವರನ್ನು ಪರೀಕ್ಷೆಗೆ ಸೇರಿಸುವಂತಿಲ್ಲವಂತೆ. ಕಾಕುವನ್ನು ಬಿಟ್ಟು, ಹಲ್ಲುಜ್ಜುವಾಗಷ್ಟೇ ರಕ್ತ ಕಾಣುತ್ತಿದ್ದ ಕಾಕಾನನ್ನು ಸೇರಿಸಿಕೊಂಡರು.

ಆಮೇಲೆ ನಮ್ಮ ಚಾಳಿನಲ್ಲಿ ಯಾರಿಗಾದರೂ ನೆಮ್ಮದಿ ಉಂಟೇ? ಕಂಡಕಂಡವರಿಗೆಲ್ಲ ಕಾಕಾ ಬಾಯಿ ತೆರೆದು ತೋರಿಸಿದರು. ಹಾಲಿನವನು ಹಾಲು ಬಾಗಿಲಲ್ಲಿಟ್ಟು ಓಡತೊಡಗಿದ. ಆಸ್ಪತ್ರೆಯಲ್ಲಿ ಡಾಕ್ಟರು ಸಣ್ಣ ಕಡ್ಡಿಯಿಂದ ಹಲ್ಲು ವಸಡುಗಳ ನಡುವಿನ ಸಂದು ಅಳೆಯುತ್ತಿದ್ದರೆ, ಕಾಕಾ ಕಿಸೆಯಿಂದ ಫೀಲರ್ ಗೇಜನ್ನೇ ತೆಗೆದರು. ಯಂತ್ರದ ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು ಅದು.

“ನಿಮ್ಮ ಕಡ್ಡಿ ಅಂದಾಜಿಂದು ಸರ್. ಇದರಾಗ ಕೂದಲೆಳಿಯಷ್ಟು ಸಂದೂ ಸಿಗತೈತಿ.”

ಹುಬ್ಬಳ್ಳಿಯಲ್ಲಿ ಓದಿ ಕನ್ನಡ ಕಲಿತಿದ್ದ ಡಾಕ್ಟರು ಹೌಹಾರಿದರು. “ಇದಕ್ಕೆ ಎಣ್ಣಿ ಹತ್ತೇದಲ್ರೀ!”

“ಎಣ್ಣಿ ಇದ್ರ ತುಕ್ಕು ಹಿಡಿಯಂಗಿಲ್ರಿ!”

ಮೂರು ತಿಂಗಳ ಮೇಲೆ ಕೊನೆಯ ಅಳತೆ. ನಾನೂ ಕಾಕುವೂ ಜೊತೆಗಿದ್ದೆವು. “ಐದು ಮಿಲಿಮೀಟರ್ ಇದ್ದದ್ದು ಮೂರಕ್ಕ ಬಂದೈತಿ!” ಎಂದು ಡಾಕ್ಟರು ಹಿಗ್ಗಿದರು. ಕಾಕಾನ ಮುಖ ಮಾತ್ರ ಕಪ್ಪಿಟ್ಟಿತು.

“ಅದನ್ನ ಬರಕೋಬ್ಯಾಡ್ರಿ ಸರ್. ತಪ್ಪು ಅಳತಿ ಅದು. ನಾ ಒಂದ ಗುಳಿಗಿನೂ ನುಂಗಿಲ್ರಿ. ದಿನಾ ಮುಂಜಾನಿ ಇಕಿ ಕೈಯಾಗ ಕೊಟ್ಟು ಡ್ಯೂಟಿಗೆ ಹೋಗೇನಿ.”

ಇಡೀ ಕೊರ್ಲಿಮ್‌ಗೆ ಬಾಯಿ ತೋರಿಸಿದ ಮನುಷ್ಯ ಇದೊಂದನ್ನು ನನಗೂ ಹೇಳಿರಲಿಲ್ಲ! ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಸಕ್ಕರೆ ಕಾಯಿಲೆಯವರಿಗೆ ಹೇಳದೆ ಕೇಳದೆ ಔಷಧಿಯೇ? ಕಾಕಾನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ, ಕಾಕುವನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿ ನೋಡಿದರು. ವಸಡು ಹಾಗೇ ಇತ್ತು. ಮುಂದಿನ ನಾಲ್ಕು ಹಲ್ಲು ಉಳಿಯುವಂತಿರಲಿಲ್ಲ.

“ಅವ್ವಾ, ಆ ಗುಳಿಗಿ ಏನು ಮಾಡಿದ್ರಿ?”

ಕಾಕು ತಲೆ ತಗ್ಗಿಸಿದರು. “ಇವರ ಊಟದ ಡಬ್ಬಿಯೊಳಗಿನ ಶೇಂಗಾ ಹಿಂಡಿ ಚಟ್ನಿಯಾಗ ಅರದು ಹಾಕೇನ್ರಿ.”

ಕಾಕಾ ಬೆಪ್ಪಾಗಿ ಕಾಕುವಿನತ್ತ ತಿರುಗಿದರು.

“ನಿನ್ನ ಹಲ್ಲು ಉಳೀಲಿ ಅಂತ ಕೊಟ್ರ, ಹಿಂಗ್ಯಾಕ ಮಾಡಿದಿ?”

“ನನ್ನವು ಹೋಗೂವು ಹೋಗ್ತಾವ್ರಿ. ನೀವೊಬ್ರರ ರೊಟ್ಟಿ ಅಗೀಬೇಕಲ್ಲ? ಇಲ್ಲಂದ್ರ ನಾ ಯಾರಿಗಂತ ರೊಟ್ಟಿ ಬಡೀಲಿ?”