ಬಾಗಿಲು ಬಡಿಯುವ ತನಕ ಹುರಿಯಬೇಕು

ಊರಿಂದ ಊರಿಗೆ ಗಂಟುಮೂಟೆ ಕಟ್ಟುವವರ ಅಡುಗೆಮನೆಯಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನನ್ನದರಲ್ಲಿ ಒಲೆ ಹಚ್ಚುವ ಮೊದಲೇ ಆಗುತ್ತದೆ. ಗಂಡನ ನೌಕರಿಯ ಹಿಂದೆ ಉಳ್ಳಾಲದಿಂದ ಮಸ್ಕತ್, ಅಲ್ಲಿಂದ ಮಲೇಷ್ಯಾದ ಪೆನಾಂಗ್, ಈಗ ಸೌದಿಯ ಜುಬೈಲ್. ಉಳಿದ ಊರುಗಳು ಫೋಟೋದಲ್ಲಿವೆ. ಪೆನಾಂಗ್ ಮಾತ್ರ ನಾಲಗೆಯಲ್ಲೇ ಉಳಿದಿದೆ.

ಅಲ್ಲಿ ನಮ್ಮ ಮನೆಯೊಡತಿ ಒಬ್ಬ ನ್ಯೋನ್ಯಾ ಅಜ್ಜಿ. ಎಂದೋ ಹಡಗಿನಲ್ಲಿ ಬಂದ ಚೀನೀ ವ್ಯಾಪಾರಿಗಳು ಅಲ್ಲಿನ ಹೆಣ್ಣುಗಳನ್ನು ಮದುವೆಯಾದರಲ್ಲ, ಆ ವಂಶದ ಹೆಂಗಸರಿಗೆ ಹಾಗೆನ್ನುತ್ತಾರೆ. ನಮ್ಮ ಭಟ್ಕಳದವರ ಕಥೆಯೇ, ಅರಬರ ಜಾಗದಲ್ಲಿ ಚೀನೀಯರು. ಅಲ್ಲಿನ ರೂಢಿಯಂತೆ ಬೀಬಿಕ್ ಎಂದು ಕರೆಯುತ್ತಿದ್ದೆ. ನಾನು ಮುಸ್ಲಿಮಳೆಂದು ನನಗಾಗಿಯೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟು ಲಕ್ಸಾ ಕಲಿಸಿದವರು. ಲಕ್ಸಾ ಎಂದರೆ ಬಂಗುಡೆಯ ಹುಳಿಸಾರಿನಲ್ಲಿ ಮುಳುಗಿದ ಶ್ಯಾವಿಗೆ. ಅದರ ಜೀವ ಬೆಲಾಚನ್, ಸಿಗಡಿ ಹುದುಗಿಸಿ ಒಣಗಿಸಿದ ಕಂದು ಗಟ್ಟಿ. ಎಷ್ಟು ಹುರಿಯಬೇಕು ಬೀಬಿಕ್ ಎಂದರೆ, "ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವ ತನಕ" ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಬರುತ್ತಲೂ ಇದ್ದಳು. ಒಂದು ಕೈ ಮೂಗಿನ ಮೇಲೆ, ಇನ್ನೊಂದರಲ್ಲಿ ಖಾಲಿ ಬಟ್ಟಲು.

ಈಗ ಬೀಬಿಕ್ ಕೈಯಲ್ಲಿ ಮಸಾಲೆ ಕುಟ್ಟುವ ಶಕ್ತಿಯಿಲ್ಲ, ಮಕ್ಕಳಿಗೆ ಕಲಿಯುವ ಪುರಸೊತ್ತಿಲ್ಲ. ಶುಕ್ರವಾರ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: ಯಾರಾದರೂ ಬಾಗಿಲು ಬಡಿದರಾ? ಇಲ್ಲ ಬೀಬಿಕ್ ಎನ್ನುತ್ತೇನೆ. ಹಾಗಾದರೆ ಇನ್ನೂ ಆಗಿಲ್ಲ ಬಿಡು ಎನ್ನುತ್ತಾರೆ. ಅವರ ಲಕ್ಸಾ, ಅವರಿರುವಾಗಲೇ, ಒಮ್ಮೆ ನನ್ನ ಕೈಯಲ್ಲಿ ಆಗಬೇಕು. ಇಷ್ಟೇ ನನ್ನ ಆಸೆ.

ಬಿಳಿ ಥೋಬ್

ಗಂಡನ ಮೇಲಧಿಕಾರಿ, ಸೌದಿಯವರು, ಒಮ್ಮೆ ಊಟಕ್ಕೆ ಬಂದರು. ಲಕ್ಸಾ ಮಾಡಲು ಧೈರ್ಯ ಬರಲಿಲ್ಲ; ಬೀಬಿಕ್ ಕಲಿಸಿದ ಒಂಡೆ-ಒಂಡೆ ಮಾಡಿದೆ. ಅಕ್ಕಿಹಿಟ್ಟಿನ ಉಂಡೆ, ಹೊರಗೆ ತೆಂಗಿನತುರಿ, ಒಳಗೆ ಕರಗಿದ ಬೆಲ್ಲ. ಇಡೀ ಉಂಡೆ ಬಾಯಿಗೆ ಹಾಕಿ, ತುಟಿ ಮುಚ್ಚಿಯೇ ಕಚ್ಚಬೇಕು. ತಟ್ಟೆ ಕೊಡುವಾಗ ಇವರಿಗೆ ಒತ್ತಿ ಹೇಳಿದ್ದೆ. ಆದರೆ ಸಾಹೇಬರಿಗೆ ತಿನ್ನಲು ಕಲಿಸುವುದುಂಟಾ ಎಂದು ಇವರು ಮರ್ಯಾದೆಗೆ ಸುಮ್ಮನಿದ್ದರು. ಸಾಹೇಬರೂ ಮರ್ಯಾದಸ್ಥರೇ. ನಾಜೂಕಾಗಿ ಅರ್ಧ ಕಚ್ಚಿದರು.

ನಾನು ಒಳಗಿದ್ದೆ. ಹಾಲಿನಂಥ ಬಿಳಿ ನಿಲುವಂಗಿಯ ಎದೆಯಿಂದ ಮೊಣಕಾಲಿನ ತನಕ ಬೆಲ್ಲ ಹರಿದಿತ್ತಂತೆ. ಆಮೇಲೆ ಸಾಹೇಬರ ಗಂಭೀರ ದನಿ: "ಇನ್ನೊಂದು ಕೊಡಿ. ಇದರ ರುಚಿ ನನ್ನ ಥೋಬ್‌ಗೆ ಮಾತ್ರ ಗೊತ್ತಾಯಿತು."

ಎರಡನೇ ಮೊಟ್ಟೆ

ಸಮುದ್ರದಂಡೆಯ ಬಳಿ ಒಂದು ಮುತಬ್ಬಕ್ ಅಂಗಡಿ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ತೆಳುವಾಗಿಸಿ, ಕೀಮಾ, ಮೊಟ್ಟೆ ತುಂಬಿ ಮಡಚಿ ಕಾಯಿಸುವ ತಿಂಡಿ. ಪೆನಾಂಗಿನ ಬೀದಿಯಲ್ಲೂ ಹೆಚ್ಚುಕಡಿಮೆ ಇದೇ. ಆ ಹಿಟ್ಟು ಬೀಸುವ ಕೈ ನೋಡಿದ್ದೇ ತಡ, ನನ್ನ ಹರಕು ಉರ್ದುವಿನಲ್ಲಿ ಅಂಗಡಿಯವನಿಗೆ ಪೆನಾಂಗಿನ ಬೀದಿ, ಮಳೆ, ಮರದ ಸ್ಟೂಲು ಎಲ್ಲ ವರ್ಣಿಸಿದೆ. ಪೂರ್ತಿ ಕೇಳಿ, ಕಾವಲಿ ಒರೆಸುತ್ತ ಕೇಳಿದ, "ಅಕ್ಕ, ನೀವು ಮಂಗಳೂರು ಕಡೆಯವರಲ್ವಾ? ನಾನು ಕಾಪುವಿನವ."

ಅವನಿಗೆ ಮುತಬ್ಬಕ್ ಕಂಡರಾಗದಂತೆ. ಕನಸಲ್ಲಿ ಬರುವುದು ನೀರ್‌ದೋಸೆಯಂತೆ. ಒಂದು ದಿನ ಮಾಡಿ ತಂದುಕೊಟ್ಟರೆ ನನ್ನ ಮುತಬ್ಬಕ್‌ಗೆ ಎರಡು ಮೊಟ್ಟೆ ಹಾಕುತ್ತಾನಂತೆ.

ಒಂದೇ ಸಾಕು ಎಂದೆ. ದೇಶವಿದೇಶದ್ದೆಲ್ಲ ಕಲಿಯುವ ಭರದಲ್ಲಿ ನೀರ್‌ದೋಸೆ ಕಲಿಯುವುದು ಉಳಿದೇ ಹೋಗಿತ್ತು.

ಬಡಿದರು

ಜುಬೈಲ್ ಕಾರ್ಖಾನೆಗಳ ಊರು. ವಿಚಿತ್ರ ವಾಸನೆ ಬಂದರೆ ತಕ್ಷಣ ಫೋನ್ ಮಾಡಿ ಎಂದು ನಮ್ಮ ಕಾಂಪೌಂಡಿನ ಮಕ್ಕಳಿಗೂ ಗೊತ್ತು. ಆ ಫೋನ್ ಹೋಗುವುದು ಸುರಕ್ಷತಾ ವಿಭಾಗಕ್ಕೆ, ಅಂದರೆ ನನ್ನ ಗಂಡನಿಗೆ. ಹಾಗಾಗಿ ಅವರ ಮಾನ ಕಾಯಲು ನಾನು ಬೆಲಾಚನ್ನನ್ನು ಕಿಟಕಿ ಮುಚ್ಚಿ, ಸಣ್ಣ ಉರಿಯಲ್ಲಿ, ಕಳ್ಳಿಯ ಹಾಗೆ ಹುರಿಯುತ್ತಿದ್ದೆ. ಲಕ್ಸಾ ಪ್ರತಿ ಸಲವೂ ಬರೀ ಮೀನುಸಾರು.

ಒಂದು ಶುಕ್ರವಾರ ಫೋನಿನಲ್ಲಿ ಬೀಬಿಕ್ ಆ ಪ್ರಶ್ನೆ ಕೇಳಲೇ ಇಲ್ಲ. ಮಳೆ, ಮಂಡಿನೋವು ಎಂದೇನೋ ಮಾತಾಡಿ ಇಟ್ಟುಬಿಟ್ಟರು. ಮರೆತರೋ, ಕಾದು ಸಾಕಾಯಿತೋ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇವರು ಡ್ಯೂಟಿಗೆ ಹೋಗಿದ್ದರು. ಏಸಿ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಉರಿ ದೊಡ್ಡದು ಮಾಡಿ ಹುರಿದೆ. ಕುಟ್ಟಿದೆ, ಕುದಿಸಿದೆ.

ಸಾರು ಉಕ್ಕುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆರೆದರೆ ಮುಖವಾಡ, ಹೆಲ್ಮೆಟ್ ಹಾಕಿದ ನಾಲ್ವರು, ಕೈಯಲ್ಲಿ ಗ್ಯಾಸ್ ಅಳೆಯುವ ಯಂತ್ರ. ಮುಂದಿದ್ದವರು ಮುಖವಾಡ ತೆಗೆದರು. ನನ್ನ ಗಂಡ.

"ಎಂತ ಸುಡ್ತಾ ಇದ್ದೀ ಮಾರಾಯ್ತಿ? ಇಡೀ ಬೀದಿಯ ಮನೆ ಖಾಲಿ ಮಾಡಿಸಿದ್ದೇವೆ."

ಅವರ ಬೆನ್ನ ಹಿಂದೆ, ಎದುರಿನ ಫುಟ್‌ಪಾತಿನಲ್ಲಿ, ಇಷ್ಟು ದಿನ ಮುಖವನ್ನೇ ನೋಡದ ನೆರೆಯವರೆಲ್ಲ ಮೂಗು ಮುಚ್ಚಿ ನಿಂತಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಕಣ್ಣು ತುಂಬಿ ಬಂತು. ಗ್ಯಾಸೇ ಇರಬೇಕು ಎಂದು ಒಬ್ಬ ಯಂತ್ರವನ್ನು ನನ್ನ ಮುಖದ ಹತ್ತಿರ ಹಿಡಿದ.

ಅವರೆಲ್ಲ ಹೋದ ಮೇಲೆ ಒಂದು ಚಮಚ ಬಾಯಿಗಿಟ್ಟೆ. ಅದೇ. ಬೀಬಿಕ್‌ದೇ.

ಕೂಡಲೇ ಫೋನ್ ಮಾಡಿ, ಬಡಿದರು ಬೀಬಿಕ್, ನಾಲ್ಕು ಜನ ಬಂದು ಬಡಿದರು ಎಂದೆ. ಆ ಕಡೆ ಮೂಗೊರೆಸಿಕೊಂಡದ್ದು ಕೇಳಿಸಿತು.

"ಬಟ್ಟಲು ತಂದಿದ್ದರಾ?"

"ಇಲ್ಲ ಬೀಬಿಕ್. ಹೆಲ್ಮೆಟ್ ತಂದಿದ್ದರು."

"ಅದರಲ್ಲೇ ಬಡಿಸಬೇಕಿತ್ತು ಮಗಳೇ. ಬಟ್ಟಲಿಗಿಂತ ಆಳ."