ಸುಮ್ಮನಿದ್ದ ಕಂಪ್ಯೂಟರಿಗೆ ಬಂದ ಜ್ವರ

ಕಂಪ್ಯೂಟರ್ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಇಡೀ ಅಸುನ್ಸಿಯಾನ್ ನಗರದಲ್ಲೇ ಇಲ್ಲ ಎಂದು ಕ್ರಿಸ್ಪಿನ್ ಅಯಾಲ ದೃಢವಾಗಿ ನಂಬಿದ್ದ. ಹಾಗೆ ನಂಬಿದ್ದವನು ಅವನೊಬ್ಬನೇ. ಇನ್ನೂ ಕಟ್ಟದ ಕಟ್ಟಡಗಳನ್ನು ಕಟ್ಟಿ ಮುಗಿಸಿದಂತೆ ಪರದೆಯ ಮೇಲೆ ತೋರಿಸುವುದು ಅವನ ಕಸುಬು. ಅದಕ್ಕೆಂದೇ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ತಂದು, ಹೆಂಡತಿಗಿಂತ ಹೆಚ್ಚು ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದ.

ಆ ಭಾನುವಾರ ಊಟ ಮುಗಿಸಿ, ಒಂದು ನಿದ್ದೆ ತೆಗೆದು ಎದ್ದು ಬಂದರೆ, ಕಂಪ್ಯೂಟರ್ ಹೆಲಿಕಾಪ್ಟರಿನಂತೆ ಗುಡುಗುತ್ತಿದೆ! ಅದರ ಮುಂದೆ ಯಾರೂ ಇಲ್ಲ. ಪರದೆ ಖಾಲಿ. ಅಳತೆ ನೋಡಿದರೆ ಗ್ರಾಫಿಕ್ಸ್ ಕಾರ್ಡ್ ತನ್ನ ಶಕ್ತಿಯ ನೂರಕ್ಕೆ ತೊಂಬತ್ತು ಪಾಲನ್ನು ಏನೂ ಮಾಡದೇ ಇರುವುದಕ್ಕೆ ಖರ್ಚು ಮಾಡುತ್ತಿದೆ. ಸರ್ಕಾರಿ ಕಚೇರಿಯಲ್ಲಾದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲ.

"ನಿಲ್ಡಾ! ಯಾರೋ ಒಳಗೆ ನುಗ್ಗಿದಾರೆ!"

ಅಡುಗೆಮನೆಯಿಂದ ನಿಲ್ಡಾ ಲಟ್ಟಣಿಗೆ ಹಿಡಿದು ಓಡಿಬಂದಳು. "ಎಲ್ಲಿ? ಎಲ್ಲಿ?"

"ಗ್ರಾಫಿಕ್ಸ್ ಕಾರ್ಡಿನೊಳಗೆ."

ನಿಲ್ಡಾ ಲಟ್ಟಣಿಗೆ ಇಳಿಸಿದಳು. "ಆಫ್ ಮಾಡಿ ಆನ್ ಮಾಡು. ಸರಿ ಹೋಗುತ್ತೆ."

"ಅಯ್ಯೋ ಪೆದ್ದಿ! ಆಫ್ ಮಾಡಿದ್ರೆ ಕಳ್ಳ ತಪ್ಪಿಸಿಕೊಂಡು ಹೋಗ್ತಾನೆ, ಸಾಕ್ಷಿ ನಾಶ ಆಗುತ್ತೆ. ಆಫ್ ಮಾಡೋದು ವಿದ್ಯೆ ಇಲ್ಲದೋರ ವೈದ್ಯ. ನಾನು ರೋಗದ ಮೂಲಾನೇ ಹಿಡೀತೀನಿ, ನೋಡ್ತಿರು!"

"ನೋಡ್ತೀನಿ. ನಾಳೆ ಬೆಳಗ್ಗೆ ದೋನ್ ಸಿಲ್ವಿನೊಗೆ ಹೋಟೆಲಿನ ಚಿತ್ರ ಕೊಡಬೇಕಲ್ಲ, ಅದನ್ನೂ ನೋಡ್ಕೊ. ಆ ಕೆಲಸ ಕೊಡಿಸಿದ್ದು ನಮ್ಮಮ್ಮ."

ಅತ್ತೆ ದೋನ್ಯಾ ಬಾಸಿಲಿಯಾ ದೂರದ ವಿಯಾರ್ರಿಕಾ ಊರಿನಲ್ಲಿದ್ದರು. ಆ ಉಪಕಾರವನ್ನು ತಾಯಿಯಾಗಲಿ ಮಗಳಾಗಲಿ ನೆನಪಿಸದ ವಾರವಿರಲಿಲ್ಲ.

ಪತ್ತೇದಾರಿ ಶುರುವಾಯಿತು. ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಇರುವೆಗಳು ಜಗಳವಾಡಿದಂಥ ಸದ್ದು ಬರುತ್ತಿತ್ತು. 'ಶಾಖಕ್ಕೆ ತಂತಿ ಚೀರುತ್ತಿದೆ' ಎಂದು ತೀರ್ಪು ಕೊಟ್ಟು ಅದನ್ನು ಡ್ರಾಯರಿಗೆ ತಳ್ಳಿದ. ಪರದೆಯ ನೆತ್ತಿಯ ಮೇಲೆ ಕ್ಯಾಮೆರಾದ ಹಸಿರು ದೀಪ ಉರಿಯುತ್ತಿತ್ತು. 'ಸದ್ಯ, ಕ್ಯಾಮೆರಾ ಆದರೂ ಆರೋಗ್ಯವಾಗಿದೆ!' ಎಂದು ಸಮಾಧಾನಪಟ್ಟ. ಆಮೇಲೆ ಓಡುತ್ತಿದ್ದ ತಂತ್ರಾಂಶಗಳನ್ನು ಒಂದೊಂದಾಗಿ ಕೊಂದ. ಪ್ರಿಂಟರಿನದು ಹೋಯಿತು, ಹವಾಮಾನದ್ದು ಹೋಯಿತು. ವೈರಸ್ ಹಿಡಿಯುವ ಕಾವಲುಗಾರನನ್ನೂ, ನಿದ್ದೆ ಹೊಡೆಯುತ್ತಿದ್ದಾನೆಂಬ ಆರೋಪದ ಮೇಲೆ, ಮುಗಿಸಿಬಿಟ್ಟ. ಬ್ರೌಸರ್ ಒಂದನ್ನು ಮಾತ್ರ ಮುಟ್ಟಲಿಲ್ಲ. ಅದು ದಿನಾ ನೋಡುವ ಮುಖ, ಅದರ ಮೇಲೆ ಅನುಮಾನ ಪಡುವುದೇ?

ಕಾರ್ಡ್ ಮಾತ್ರ ತೊಂಬತ್ತರಿಂದ ಇಳಿಯಲಿಲ್ಲ.

"ಧೂಳು!" ಎಂದು ಘೋಷಿಸಿದ ಕ್ರಿಸ್ಪಿನ್. ಯಂತ್ರ ಓಡುತ್ತಿರುವಾಗಲೇ ಮೇಜಿನಡಿ ನುಗ್ಗಿ ಅದರ ಪಕ್ಕದ ಬಾಗಿಲು ಕಿತ್ತ. ಅಡುಗೆಮನೆಯ ಸ್ಟ್ಯಾಂಡ್ ಫ್ಯಾನ್ ಎಳೆತಂದು ಪೂರ್ತಿ ವೇಗದಲ್ಲಿ ಅದರ ಹೊಟ್ಟೆಗೆ ತಿರುಗಿಸಿದ.

"ಹೊರಗೆ ಕೆಂಡದಂಥ ಬಿಸಿಲು, ನಾನು ಒಲೆ ಮುಂದೆ ಬೇಯ್ತಿದೀನಿ. ನನ್ನ ಫ್ಯಾನ್ ಪೆಟ್ಟಿಗೆಗೆ ಇಟ್ಟಿದೀಯಾ?" ಎಂದು ನಿಲ್ಡಾ ಕೂಗಿದಳು.

"ನೀನು ಬೆವರಿದ್ರೆ ಒರೆಸ್ಕೋಬಹುದು. ಕಾರ್ಡ್ ಬೆವರಿದ್ರೆ ಸತ್ತೇ ಹೋಗುತ್ತೆ!"

ಈ ಮಾತಿನ ಪರಿಣಾಮ ಯೋಚಿಸುವಷ್ಟು ಬಿಡುವು ಅವನಿಗೆ ಸಿಗಲಿಲ್ಲ. ತೆರೆರೆ ಎಂಬ ತಣ್ಣನೆಯ ಕಷಾಯ ಕುಡಿಯಲೆಂದು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಯೆರ್ಬಾ ಎಲೆಪುಡಿಯ ಚೀಲವನ್ನು ಫ್ಯಾನಿನ ಗಾಳಿ ಉರುಳಿಸಿತು. ಹಸಿರು ಮೋಡವೊಂದು ಎದ್ದು ನೇರ ಕಂಪ್ಯೂಟರಿನೊಳಗೆ ಗೃಹಪ್ರವೇಶ ಮಾಡಿತು. ಒಳಗಿನ ಫ್ಯಾನುಗಳು ಅದನ್ನು ಅರೆದು ಈಚೆ ಉಗಿದವು. ಕ್ರಿಸ್ಪಿನ್ ಹುಬ್ಬು ಮೀಸೆಯೆಲ್ಲ ಹಸಿರಾಗಿ ಮೇಜಿನಡಿಯಿಂದ ಈಚೆ ಬಂದ. ಸೀನಿದ. ಕಾರ್ಡ್ ಈಗ ತೊಂಬತ್ತಾರು!

"ಹೊಟ್ಟೆ ತುಂಬ ಕುಡೀತಲ್ಲ, ಇನ್ನಾದ್ರೂ ತಣ್ಣಗಾಗಬಹುದು," ಎಂದಳು ನಿಲ್ಡಾ. "ಆಫ್ ಮಾಡು ಅಂದ್ನಲ್ಲ."

ಕೋಪ ಬಂದವನಿಗೆ ಅಪರಾಧಿ ಬೇಗ ಸಿಗುತ್ತಾನೆ. ಕ್ರಿಸ್ಪಿನ್ನನಿಗೂ ಸಿಕ್ಕ, ಅಲ್ಲ, ಸಿಕ್ಕಳು.

"ಇದೆಲ್ಲ ನಿಮ್ಮಮ್ಮನ ಕೆಲಸ! ದಿನಾ ಬೆಳಗಾದ್ರೆ ಮಿಣಮಿಣ ಅನ್ನೋ ಗುಲಾಬಿ, ಪಾರಿವಾಳ, ಶುಭೋದಯ! ಅದರ ಜೊತೇಲೇ ವೈರಸ್ ಬಂದಿರೋದು. ಆಯಮ್ಮ ಎದುರಿಗೆ ಬಂದ್ರೂ ಕಷ್ಟ, ಚಿತ್ರ ಕಳಿಸಿದ್ರೂ ಕಷ್ಟ. ಆಕೆ ಹುಟ್ಟಿದಹಬ್ಬಕ್ಕೆ ನಾನು ಬೆನ್ನುನೋವು ಅಂತ ಹೇಳಿ ಹೋಗದೇ ಇದ್ದಿದ್ದು ಯಾಕೆ ಅಂದ್ಕೊಂಡೆ?"

"ಹಾಗಾದ್ರೆ ಬೆನ್ನುನೋವು ಸುಳ್ಳಾ?"

"ಮತ್ತೆ? ಆ ಸಿಲ್ವಿನೊನ ಹೋಟೆಲ್ಲೋ! ಎರಡು ಗೋಪುರ ಬೇಕಂತೆ ಅವನಿಗೆ. ಹೋರಿಗೆ ಕೊಂಬು ಬಂದ ಹಾಗೆ! ಅದನ್ನ ನೋಡಿ ನೋಡೀನೇ ನನ್ನ ಕಾರ್ಡಿಗೆ ಜ್ವರ ಬಂದಿರೋದು!"

ಅವನ ಧ್ವನಿ ಕೇಳುವುದಕ್ಕಿಂತ ಹಾಡು ಕೇಳುವುದು ಮೇಲೆಂದು ನಿಲ್ಡಾ, ಕಂಪ್ಯೂಟರಿಗೆ ಸಿಕ್ಕಿಸಿದ್ದ ಹೆಡ್‌ಫೋನಿನ ತಂತಿಯನ್ನು ಕಿತ್ತು ಸ್ಪೀಕರ್ ಸಿಕ್ಕಿಸಿದಳು.

ಸ್ಪೀಕರಿನಿಂದ ಹತ್ತಾರು ಜನ ಬಿದ್ದು ಬಿದ್ದು ನಗುವ ಸದ್ದು ಕೋಣೆ ತುಂಬ ಹರಡಿತು.

ನಿಲ್ಡಾ ಬಾಯಿ ಮೇಲೆ ಕೈ ಇಟ್ಟಳು. "ಅಯ್ಯೋ ದೇವರೇ! ನೀನು ಮಲಗಿದ್ದಾಗ ಅಮ್ಮಂಗೆ ವಿಡಿಯೋ ಕಾಲ್ ಮಾಡಿದ್ದೆ. ಚಿಪಾ ರೊಟ್ಟಿ ಸೀದ ವಾಸನೆ ಬಂತು ಅಂತ ಕಿಟಕಿ ಕೆಳಗಿಳಿಸಿ ಓಡಿದೆ. ಮರೆತೇಬಿಟ್ಟೆ!"

ಕೆಳಗಿಳಿದಿದ್ದ ಬ್ರೌಸರಿನ ಕಿಟಕಿಯನ್ನು ಅವಳು ಮೇಲೆತ್ತಿದಳು. ವಿಯಾರ್ರಿಕಾದ ಅಂಗಳದಲ್ಲಿ ದೋನ್ಯಾ ಬಾಸಿಲಿಯಾ ನಡುವೆ ಕೂತಿದ್ದರು. ಸುತ್ತ ನೆರೆಹೊರೆಯವರು ಕುರ್ಚಿ ಹಾಕಿಕೊಂಡಿದ್ದರು. ಮೂಲೆಯ ಚಿಕ್ಕ ಚೌಕದಲ್ಲಿ, ಸಮುದ್ರವೇ ಇಲ್ಲದ ದೇಶದ ಕ್ರಿಸ್ಪಿನ್, ಹಸಿರು ಮುಖ ಹೊತ್ತು ಸಮುದ್ರತೀರದ ತೆಂಗಿನ ಮರದಡಿ ನಿಂತಿದ್ದ. ಕೋಣೆಯ ಕಸ ತಾಯಿಗೆ ಕಾಣಬಾರದೆಂದು ನಿಲ್ಡಾ ವಿಡಿಯೋದ ಹಿನ್ನೆಲೆಗೆ ಹಾಕಿದ್ದ ಚಿತ್ರವದು. ಯಾರೂ ಇಲ್ಲದಾಗ ಗೋಡೆ ಮುಚ್ಚಿ ಮರಳು ಹಾಸುವ, ಅವನು ಮಿಸುಕಿದಾಗಲೆಲ್ಲ ಅವನನ್ನು ಗೋಡೆಯಿಂದ ಬಿಡಿಸಿ ಮರಳಿನ ಮೇಲೆ ನಿಲ್ಲಿಸುವ ಕೂಲಿಯನ್ನು ಪಾಪದ ಕಾರ್ಡ್ ಒಂದೇ ಸಮನೆ ಮಾಡುತ್ತಿತ್ತು.

"ಆಗಿಂದ ಕೂಗ್ತಾನೇ ಇದೀನಿ ಅಳಿಯಂದ್ರೇ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ನೀವು ನನ್ನನ್ನ ಡ್ರಾಯರಿಗೆ ಹಾಕಿಬಿಟ್ರಿ."

ಪಕ್ಕದ ಕುರ್ಚಿಯಿಂದ ಬಿಳಿ ಟೋಪಿಯೊಂದು ಮುಂದಕ್ಕೆ ಬಾಗಿತು. ದೋನ್ ಸಿಲ್ವಿನೊ! ಅವರೊಬ್ಬರು ಮಾತ್ರ ನಗುತ್ತಿರಲಿಲ್ಲ.

"ಕೊಂಬು ಎರಡೂ ಇರಲಪ್ಪ. ಇನ್ನೂ ಒಂದೊಂದು ಅಂತಸ್ತು ಎತ್ತರ ಮಾಡು. ನಾಳೆ ಬೆಳಗ್ಗೆಗೇ ಬೇಕು."

"ಆಗ್ಲಿ ದೋನ್ ಸಿಲ್ವಿನೊ," ಎಂದಿತು ಒಂದು ಕುರಿಮರಿಯ ಧ್ವನಿ. ಅದು ತನ್ನದೇ ಎಂದು ಕ್ರಿಸ್ಪಿನ್ನನಿಗೆ ಆಮೇಲೆ ತಿಳಿಯಿತು. ಬೇರೆ ದಾರಿ ಕಾಣದೆ ಅವನು ವಿದ್ಯೆ ಇಲ್ಲದವರ ವೈದ್ಯವನ್ನೇ ಮಾಡಿದ. ಗುಂಡಿ ಒತ್ತಿ ಯಂತ್ರವನ್ನು ಆಫ್ ಮಾಡಿದ.

ಒಂದು ನಿಮಿಷವೂ ಆಗಿರಲಿಲ್ಲ. ನಿಲ್ಡಾಳ ಫೋನ್ ರಿಂಗಾಯಿತು. ಅತ್ತೆಯ ಧ್ವನಿ ಇಬ್ಬರಿಗೂ ಕೇಳುವಷ್ಟು ಜೋರಾಗಿತ್ತು.

"ಏನೇ ನಿಲ್ಡಾ, ಕರೆಂಟ್ ಹೋಯ್ತಾ? ಇಲ್ಲಿ ಒಬ್ಬರೂ ಕುರ್ಚಿ ಬಿಟ್ಟು ಏಳ್ತಿಲ್ಲ ಕಣೇ. ಬೇಗ ಅಳಿಯನ್ನ ಮತ್ತೆ ಹಾಕು!"